ಸಿಂಬಿ ಇಲ್ಲದ ದೋಣಿ

ಆ ಕೆರೆಗೆ ಆಚೆ ದಡ ಇದೆಯೆಂದು ಎಲ್ಲರೂ ನಂಬಿದ್ದರು, ಕಂಡವರು ಕಡಿಮೆ. ದೇವರ ವಿಷಯವೂ ಹೀಗೇ ಅಲ್ಲವೇನೆ ಎಂದು ದೊಡ್ಡಮ್ಮ ಒಮ್ಮೊಮ್ಮೆ ಅನ್ನುತ್ತಿದ್ದಳು. ಈಚೆ ದಡದಲ್ಲಿ ಮರಳು, ಮರಳಿನಲ್ಲಿ ಸಾಲಾಗಿ ನೆಟ್ಟ ಗೂಟಗಳು, ಗೂಟಗಳ ಹಿಂದೆ ತಗಡಿನ ಮಾಡಿನ ಐಸ್ ಗೋದಾಮು, ಅದರ ಹಿಂದೆ ಒಂದಕ್ಕೊಂದು ಆತುಕೊಂಡ ಒಂಟಿ ಕೋಣೆಯ ಮನೆಗಳು. ಗಾಳಿ ಯಾವ ಕಡೆಯಿಂದ ಬೀಸಿದರೂ ಮೀನಿನ ವಾಸನೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ವಾಸನೆಯೇ ಅಲ್ಲ. ಬೇರೆ ಊರಿಗೆ ಹೋಗಿ ಬಂದವರಿಗೆ ಮಾತ್ರ, ಓ, ಮನೆ ಬಂತು ಅನ್ನಿಸುವ ಗುರುತು.

ಆ ದಡದಲ್ಲಿ ಎರಡು ಕಟ್ಟಳೆಗಳಿದ್ದವು. ಯಾರು ಮಾಡಿದರೋ, ಯಾವ ಕಾಲದಲ್ಲಿ ಮಾಡಿದರೋ, ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದು ಹಗ್ಗದ್ದು. ದೋಣಿ ದಡಕ್ಕೆ ಸಮೀಪಿಸಿದಾಗ ಒಳಗಿನವನು ಹಗ್ಗ ಎಸೆಯುತ್ತಾನೆ. ಅದನ್ನು ಹಿಡಿದು ಎಳೆದು ಗೂಟಕ್ಕೆ ಕಟ್ಟುವವನು ದೋಣಿಯ ಒಡೆಯ, ಇಲ್ಲವೇ ಒಡೆಯನ ಕಡೆಯ ಗಂಡಸು. ಮೀನಿನ ಬೆಲೆ ಹೇಳುವ ಬಾಯಿ ಅವನದು.

ಇನ್ನೊಂದು ಸಿಂಬಿಯದು. ಬುಟ್ಟಿ ಹೊರುವಾಗ ತಲೆ ನೋಯದಿರಲೆಂದು ಬಟ್ಟೆಯನ್ನು ಸುರುಳಿ ಸುತ್ತಿ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಆ ಸಿಂಬಿ. ಯಾವ ದೋಣಿಯ ಮೂತಿಯ ಮೇಲೆ ಯಾವ ಹೆಂಗಸು ತನ್ನ ಸಿಂಬಿ ಇಡುತ್ತಾಳೋ ಆ ದೋಣಿಯ ಮೀನು ಅವಳ ಬುಟ್ಟಿಗೆ; ಬೇರೆಯವರು ಮುಟ್ಟುವಂತಿಲ್ಲ. ಅವಳು ಸಂತೆಗೆ ಒಯ್ದು ಮಾರಿ, ದೋಣಿಯವನ ಪಾಲು ಕೊಟ್ಟು, ಉಳಿದದ್ದರಲ್ಲಿ ಮನೆ ನಡೆಸುತ್ತಾಳೆ. ಇಷ್ಟೇ ಆಗಿದ್ದರೆ ಒಳ್ಳೆಯ ಕಟ್ಟಳೆಯೇ. ಆದರೆ ಸಿಂಬಿ ಇಟ್ಟವಳ ಬಾಗಿಲಿಗೆ ಸಂಜೆ ಆ ದೋಣಿಯವನು ಬರುತ್ತಾನೆ, ಅವಳು ಬಾಗಿಲು ತೆಗೆಯುತ್ತಾಳೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ದೋಣಿಯವನಿಗೆ ಒಂದೇ ಬಾಗಿಲು ಎಂದೂ ಇರಲಿಲ್ಲ. ಮೀನು ಕಡಿಮೆ ಬಿದ್ದ ಕಾಲದಲ್ಲಿ ಹೆಂಗಸಿಗೂ ಒಂದೇ ದೋಣಿ ಸಾಲುತ್ತಿರಲಿಲ್ಲ. ಹೀಗೆ ಬಾಗಿಲಿಂದ ಬಾಗಿಲಿಗೆ ಮೀನಿನ ಜೊತೆ ಇನ್ನೊಂದೂ ಸದ್ದಿಲ್ಲದೆ ಓಡಾಡಿತು.

ದೊಡ್ಡಮ್ಮನ ಸಿಂಬಿಯೂ ಒಂದು ಕಾಲದಲ್ಲಿ ಒಂದು ದೋಣಿಯ ಮೇಲಿತ್ತು. ಆ ದೋಣಿಯವನು ನೋಡನೋಡುತ್ತ ಒಣಗಿ ಕಡ್ಡಿಯಾಗಿ ಹೋದ. ಆಮೇಲೆ ಅವಳಿಗೂ ಬಿಡದ ಜ್ವರ ಹಿಡಿಯಿತು. ಆರೋಗ್ಯ ಕೇಂದ್ರದ ನರ್ಸಮ್ಮ ರಕ್ತ ತೆಗೆದು ನೋಡಿ, ಪಕ್ಕದಲ್ಲಿ ಕೂರಿಸಿಕೊಂಡು, ಎಚ್‌ಐವಿ ಎಂದು ಮೆಲ್ಲಗೆ ಹೇಳಿದಳು. ದಿನಾ ಮಾತ್ರೆ ತಗೊಂಡರೆ ಎಲ್ಲರ ಹಾಗೆ ಬದುಕಬಹುದು, ಒಂದು ದಿನವೂ ತಪ್ಪಿಸಬಾರದು ಅಂದಳು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, "ಇವತ್ತಿನದು ಆಯ್ತಪ್ಪ, ನಾಳೇದು ನಿನ್ನ ಚಿತ್ತ" ಎಂದು ದೇವರಿಗೆ ಲೆಕ್ಕ ಒಪ್ಪಿಸಿ ನುಂಗುವಳು. ಮೈ ತುಂಬಿತು, ಕೆಲಸಕ್ಕೆ ಕೈ ಬಂತು. ದೊಡ್ಡ ಮೀನಿನ ಆಸೆ ಬಿಟ್ಟು, ಬಲೆಯಲ್ಲಿ ಉಳಿದ ಪುಡಿ ಮೀನು ಆಯ್ದು ಚಾಪೆಯ ಮೇಲೆ ಒಣಗಿಸಿ ಮಾರುತ್ತ ಇದ್ದಳು.

ಅವಳ ಕೋಣೆಗೆ ತಂಗಿಯ ಮಗಳು ಬಂದು ಸೇರಿದಳು. ಹೆತ್ತವರಿಲ್ಲದ ಹುಡುಗಿ, ಕಟ್ಟಿಕೊಂಡವನು ಕೆಲಸ ಹುಡುಕುತ್ತೇನೆಂದು ಹೋದವನು ಕೆಲಸದ ಜೊತೆ ಬೇರೆ ಸಂಸಾರವನ್ನೂ ಹುಡುಕಿಕೊಂಡ. ಕಂಕುಳಲ್ಲಿ ತೊದಲು ಮಾತಿನ ಮಗಳು. ತಾಯಿಯದು ಸಣ್ಣ ಮೈ, ನಿಂತಲ್ಲಿ ನಿಲ್ಲದ ಕಾಲು. ದಡದವರು ಅವಳನ್ನು ಗುಬ್ಬಿ ಎಂದು ಕರೆದರು. ಗುಬ್ಬಿ ಬೇರೆಯವರ ಬುಟ್ಟಿಗಳನ್ನು ಲಾರಿಯವರೆಗೆ ಹೊರುತ್ತಿದ್ದಳು. ಕೂಲಿಯೆಂದರೆ ಹಿಡಿ ಮೀನು, ಅದೂ ಹೊರಿಸಿದವರ ಮನಸ್ಸಿನ ಮೇಲೆ. ಒಂದು ದಿನ ಸಿಕ್ಕರೆ ಇನ್ನೊಂದು ದಿನ ಇಲ್ಲ. ಮನೆಯಲ್ಲಿ ಅನ್ನ ಕಡಿಮೆಯಾದ ದಿನ ದೊಡ್ಡಮ್ಮ ತನ್ನ ತಟ್ಟೆಯದನ್ನು ಮಗುವಿನ ತಟ್ಟೆಗೆ ಸರಿಸಿ, ಬರೀ ಹೊಟ್ಟೆಗೆ ಮಾತ್ರೆ ನುಂಗಿ, ತಲೆ ಸುತ್ತಿ ಗೋಡೆ ಹಿಡಿದು ಕೂರುವಳು. ಗುಬ್ಬಿ ಅದನ್ನು ನೋಡಿಯೂ ನೋಡದವಳಂತೆ ಪಾತ್ರೆ ತಿಕ್ಕುವಳು.

ಆ ಕಾಲದಲ್ಲೇ ಮೀಸೆಯ ದೋಣಿಯ ಮೂತಿ ಖಾಲಿಯಾಯಿತು.

ಮೀಸೆ ದಡದಲ್ಲೆಲ್ಲ ಹೆಚ್ಚು ಮೀನು ಹಿಡಿಯುವವನು. ಅವನ ಬಲೆಗೆ ಮೀನು ತಾನೇ ದಾರಿ ಕೇಳಿಕೊಂಡು ಬರುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಕೆಟ್ಟವನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ, ಮಕ್ಕಳನ್ನು ಕಂಡರೆ ಜೇಬಿನಿಂದ ಬೆಲ್ಲ ತೆಗೆದು ಕೊಡುವವನು. ಅವನ ದೋಣಿಗೆ ಸಿಂಬಿ ಇಟ್ಟಿದ್ದವಳು ಕೆಮ್ಮುತ್ತ ಕೆಮ್ಮುತ್ತ ತವರಿಗೆ ಹೋದಳು, ತಿರುಗಿ ಬರಲಿಲ್ಲ. ಏನು ಕಾಯಿಲೆ ಎಂದು ಯಾರೂ ಹೇಳಲಿಲ್ಲ. ನರ್ಸಮ್ಮನಂತೂ ಒಬ್ಬರ ವಿಷಯ ಇನ್ನೊಬ್ಬರ ಕಿವಿಗೆ ಹಾಕುವವಳಲ್ಲ. ಆದರೆ ಆ ಹೆಂಗಸು ಹೋದ ದಿನ ದೊಡ್ಡಮ್ಮ ಅವಳ ಕಡ್ಡಿಯಾದ ಮಣಿಕಟ್ಟು ನೋಡಿದ್ದಳು. ಆ ಮಣಿಕಟ್ಟಿನ ಗುರುತು ಅವಳಿಗಿತ್ತು.

"ಏನಮ್ಮ ಗುಬ್ಬಿ," ಎಂದ ಮೀಸೆ ಒಂದು ಬೆಳಿಗ್ಗೆ, "ಎಷ್ಟು ದಿನ ಅಂತ ಊರವರ ಭಾರ ಹೊರ್ತೀಯ? ನನ್ನ ದೋಣಿ ಮೂತಿ ಬೋಳಾಗಿದೆ, ನೋಡೋಕೆ ಚೆನ್ನಾಗಿಲ್ಲ."

"ಚೆನ್ನಾಗಿ ಕಾಣಬೇಕಾದ್ರೆ ಬಣ್ಣ ಬಳೀರಿ," ಎಂದಳು ಗುಬ್ಬಿ. ಸುತ್ತಲಿದ್ದವರು ನಕ್ಕರು. ಅವನೂ ನಕ್ಕ. ಆದರೆ ಗುಬ್ಬಿ ಮನೆಗೆ ಬರುವಾಗ ಅವಳ ಹೆಜ್ಜೆ ನಿಧಾನವಾಗಿತ್ತು.

ಇತ್ತ ಇನ್ನೊಂದು ಕೆಲಸ ನಡೆದಿತ್ತು. ನರ್ಸಮ್ಮ ಆಗಾಗ ಐಸ್ ಗೋದಾಮಿನ ನೆರಳಿನಲ್ಲಿ ಹೆಂಗಸರನ್ನು ಕೂರಿಸಿಕೊಂಡು ಕಾಯಿಲೆ ಹೇಗೆ ಹರಡುತ್ತದೆ, ಹೇಗೆ ತಡೆಯಬೇಕು ಎಂದು ಹೇಳುತ್ತಿದ್ದಳು. ಕಾಂಡೋಮಿನ ಪೊಟ್ಟಣ ಹಂಚುತ್ತಿದ್ದಳು. ಒಮ್ಮೆ, ಸದಾ ನಗುತ್ತಲೇ ಇರುವ, ಅದಕ್ಕೇ ನಗುವಕ್ಕ ಎಂದು ಹೆಸರಾದ ಹೆಂಗಸು ಆ ಪೊಟ್ಟಣ ಹಿಡಿದು ಹೇಳಿದ್ದಳು:

"ನರ್ಸಮ್ಮ, ನೀವು ಹೇಳೋದೆಲ್ಲ ತಲೆಗೆ ಹೋಗಿದೆ. ಇದನ್ನ ಹಾಕ್ಕೊಳ್ಳಪ್ಪ ಅಂತ ನಾನು ಅವನಿಗೆ ಹೇಳ್ತೀನಿ. ಅವನು ಜಗಳ ಆಡಲ್ಲ, ಸುಮ್ಮನೆ ಎದ್ದು ಹೋಗ್ತಾನೆ. ಬೆಳಿಗ್ಗೆ ನನ್ನ ಸಿಂಬಿ ಮರಳ ಮೇಲೆ ಬಿದ್ದಿರುತ್ತೆ. ಆಮೇಲೆ ಈ ಪೊಟ್ಟಣ ಬೇಯಿಸಿ ಮಕ್ಕಳಿಗೆ ಬಡಿಸಲಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನರ್ಸಮ್ಮ ನಗಲಿಲ್ಲ. ಅವಳಿಗೂ ಇದು ಹೊಸ ಮಾತಾಗಿರಲಿಲ್ಲ. ಬಹಳ ದಿನದಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಅವತ್ತು ಕೇಳಿದಳು. "ದೋಣಿನೇ ನಿಮ್ಮದಾದ್ರೆ?"

ನಗು ನಿಂತುಹೋಯಿತು.

ಹಾಗೆ ಶುರುವಾದದ್ದು ಸಂಘ. ದಿನದ ಮಾರಾಟದಲ್ಲಿ ಚೂರುಚೂರು ಎತ್ತಿಟ್ಟರು, ಸಹಕಾರಿ ಬ್ಯಾಂಕಿಗೆ ನರ್ಸಮ್ಮನ ಜೊತೆ ಅಲೆದರು, ಕೊನೆಗೂ ಬಡಗಿ ತಾತನ ಅಂಗಳದಲ್ಲಿ ಅವರ ದೋಣಿಗೆ ಹಲಗೆ ಕೂತಿತು. ತಾತನಿಗೆ ಬಾಯಿ ಸುಮ್ಮನಿರುವುದಿಲ್ಲ. "ಹೆಂಗಸರ ದೋಣಿ. ಒಳಗೊಂದು ಕನ್ನಡಿ ಕೂರಿಸಲೇನ್ರಮ್ಮ?"

"ಕೂರಿಸು ತಾತ," ಎಂದಳು ದೊಡ್ಡಮ್ಮ, "ನೀನು ಹಲಗೆ ಸಂದು ಬಿಟ್ಟು ನೀರು ಒಳಗೆ ಬಂದ ದಿನ ನಿನ್ನ ಮುಖ ನಿನಗೇ ತೋರಿಸೋಕೆ ಬೇಕಾಗುತ್ತೆ."

ದೋಣಿ ನಡೆಸಲು ಒಬ್ಬ ಮುದುಕನನ್ನು ಗೊತ್ತು ಮಾಡಿದರು. ಅವನು ಎಷ್ಟೋ ವರ್ಷದ ಹಿಂದೆ ಮನೆ ಅಳಿಯನಾಗಿ ಆ ದಡಕ್ಕೆ ಬಂದವನು. ಅತ್ತೆ ಮಾವ ತೀರಿಕೊಂಡು, ಇವನ ತಲೆ ಬೆಳ್ಳಗಾಗಿ, ಮೊಮ್ಮಕ್ಕಳಾದರೂ ಇಡೀ ದಡಕ್ಕೆ ಅವನು ಅಳಿಯನೇ.

ದೋಣಿ ನೀರಿಗಿಳಿಯುವ ಹಿಂದಿನ ಮಧ್ಯಾಹ್ನ ದೊಡ್ಡಮ್ಮ ಚಾಪೆಯ ಮೀನು ತಿರುವಿ ಕೋಣೆಯೊಳಗೆ ಬಂದಳು. ಗುಬ್ಬಿ ಕಿಟಕಿಯ ಕೆಳಗೆ ಕೂತು ಬಟ್ಟೆಯ ಸುರುಳಿಗೆ ಕೆಂಪು ದಾರದಿಂದ ಹೊಲಿಗೆ ಹಾಕುತ್ತಿದ್ದಳು. ಮಗು ಅವಳ ಕಾಲಿಗೆ ಒರಗಿ ನಿದ್ದೆ ಹೋಗಿತ್ತು.

"ಏನೇ ಅದು?"

"ಕಾಣಲ್ವಾ? ಸಿಂಬಿ."

"ಇತ್ತಲ್ಲ ಒಂದು."

"ಅದು ಹರಿದಿದೆ."

ದೊಡ್ಡಮ್ಮ ನೆಲಕ್ಕೆ ಕೂತಳು. "ತಲೆ ಮೇಲೆ ಇಡೋ ಸಿಂಬಿಗೆ ಯಾರೂ ದಾರ ಹೊಲಿಯಲ್ಲ ಮಗಳೇ. ಬಿಚ್ಚಿಕೊಳ್ಳಬಾರದು, ಗುರುತು ಸಿಗಬೇಕು ಅಂತ ಹೊಲಿಯೋದು ದೋಣಿ ಮೇಲೆ ಇಡೋದಕ್ಕೆ. ನನ್ನದಕ್ಕೆ ಹಳದಿ ದಾರ ಹಾಕಿದ್ದೆ."

ಗುಬ್ಬಿಯ ಸೂಜಿ ನಿಂತಿತು. "ಹಾಗಾದ್ರೆ ಗೊತ್ತಿದೆಯಲ್ಲ, ಯಾಕೆ ಕೇಳ್ತೀಯ?"

"ಮೀಸೆಯದಾ?"

"ಇನ್ಯಾರದು? ದೊಡ್ಡಮ್ಮ, ನನಗೆ ಅವನ ಮೇಲೆ ಮನಸ್ಸಿಲ್ಲ. ಮನಸ್ಸು ಬೇರೆ, ಬುಟ್ಟಿ ಬೇರೆ. ನಿನ್ನೆ ನೀನು ಗೋಡೆ ಹಿಡಿದು ಕೂತಿದ್ದು ನೋಡಿದೆ. ನಿನ್ನ ಮಾತ್ರೆಗೂ ಅನ್ನ ಬೇಕಲ್ಲ. ನರ್ಸಮ್ಮ ಕೊಟ್ಟಿದ್ದನ್ನ ಹಾಕ್ಕೋ ಅಂತ ಅವನಿಗೆ ಹೇಳ್ತೀನಿ."

"ಕೇಳದಿದ್ರೆ?"

ಗುಬ್ಬಿ ದಾರ ಹಲ್ಲಿನಲ್ಲಿ ಕಡಿದಳು.

ದೊಡ್ಡಮ್ಮನಿಗೆ ಕೋಪ ಬರಲಿಲ್ಲ. ಹಳದಿ ದಾರದ ಆ ಸಿಂಬಿ ಇಟ್ಟ ಬೆಳಿಗ್ಗೆ ತಾನು ಎಷ್ಟು ಬೀಗಿದ್ದೆ ಎಂಬುದು ನೆನಪಾಯಿತು. ಬೇಡ ಅನ್ನುವುದು ಬಾಯಿಯ ಕೆಲಸ ಅಂದುಕೊಳ್ಳುತ್ತೇವೆ. ಆ ಮಾತು ಆಡಿ ನಿಲ್ಲಲು ಕಾಲ ಕೆಳಗೆ ಒಂದಿಷ್ಟು ಗಟ್ಟಿ ನೆಲ ಬೇಕು. ತನಗಾಗ ಇದ್ದದ್ದು ಬರೀ ಮರಳು. ಇನ್ನೊಂದು ಬುಟ್ಟಿಗೆ ಇನ್ನೊಂದು ದಾರಿ ಇದ್ದಿದ್ದರೆ ಹಿಂದೆ ಸರಿಯುತ್ತಿದ್ದೆನೋ ಏನೋ.

"ನಾಳೆ ನಮ್ಮ ದೋಣಿ ಹೋಗುತ್ತೆ," ಎಂದಳು. "ಅದು ಬರೋವರೆಗೆ ಇರು. ಅಷ್ಟು ಮಾತ್ರ ಕೇಳ್ತೀನಿ."

"ಬರಲಿ," ಎಂದಳು ಗುಬ್ಬಿ. "ಬುಟ್ಟಿ ತುಂಬಿದ್ರೆ ಇದನ್ನ ಒಲೆಗೆ ಹಾಕ್ತೀನಿ. ತುಂಬದಿದ್ರೆ ನನ್ನ ತಡೀಬೇಡ."

ಮೊದಲ ಸಲ ಆ ದೋಣಿ ಮರಳಿ ಬಂದ ಬೆಳಿಗ್ಗೆ ಸಂಘದ ಹೆಂಗಸರೆಲ್ಲ ತೊಳೆದ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಭಗವಂತ ಕೈ ಬಿಟ್ಟಿರಲಿಲ್ಲ. ದೋಣಿ ಅಂಚಿನವರೆಗೆ ತಗ್ಗಿ, ಭಾರವಾಗಿ ಬರುತ್ತಿತ್ತು. ಒಳಗೆ ಮೀನು ಬೆಳ್ಳಿ ಸುರಿದಂತೆ. ಅಳಿಯ ಎದ್ದು ನಿಂತು ಹಗ್ಗ ಎಸೆದ. ಹಗ್ಗ ಹೆಂಗಸರ ತಲೆಯ ಮೇಲಿಂದ ಹಾರಿ ಹಿಂದೆ ನಿಂತಿದ್ದ ಐಸ್ ಗೋದಾಮಿನವನ ಕೈಗೆ ಹೋಯಿತು. ಒಡೆಯನೆಂದು ಬೇರೆ ಗಂಡಸು ಕಾಣದೆ ಅವನು ರೂಢಿಯಂತೆ ಎಳೆದು ಗೂಟಕ್ಕೆ ಕಟ್ಟಿದ. ಹೆಂಗಸರೂ ರೂಢಿಯಂತೆ ತಲೆ ತಗ್ಗಿಸಿ ಹಗ್ಗಕ್ಕೆ ದಾರಿ ಬಿಟ್ಟರು.

ಆಮೇಲೆ ಎಲ್ಲರೂ ನಿಂತೇ ಇದ್ದರು.

ದೋಣಿ ಕಟ್ಟಿಯಾಯಿತು, ಮೂತಿಯ ಮೇಲೆ ಸಿಂಬಿ ಇಲ್ಲ. ಸಿಂಬಿ ಇಡದೆ, ಬೆಲೆ ಕೊಡದೆ ಮೀನಿಗೆ ಕೈ ಹಾಕುವುದು ಆ ದಡದಲ್ಲಿ ಕಳ್ಳತನ. ಯಾರಾದರೂ ಇಡಬೇಕು. ಯಾರು? ನಗುವಕ್ಕ ಪಕ್ಕದವಳ ಮೊಣಕೈ ತಿವಿದಳು. ಪಕ್ಕದವಳು, ನನ್ನ ಗಂಡ ಅಲ್ಲೇ ನಿಂತಿದ್ದಾನೆ ಕಣೆ ಎಂದು ಹಿಂದೆ ಸರಿದಳು. ಸಿಂಬಿ ಇಟ್ಟರೆ ಅಳಿಯನಿಗೆ ಬಾಗಿಲು ತೆಗೆದ ಹಾಗೆ ಅಲ್ಲವೇ? ಅಳಿಯನಂತೂ ನಾಚಿಕೆಯಿಂದ ಬಲೆಯ ಗಂಟು ಎಣಿಸತೊಡಗಿದ. ಅವನ ಹೆಂಡತಿ ದಡದಲ್ಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು, ಯಾವ ತಲೆಯಿಂದ ಸಿಂಬಿ ಇಳಿಯುತ್ತದೋ ನೋಡೇಬಿಡುತ್ತೇನೆ ಎಂಬಂತೆ ಒಬ್ಬೊಬ್ಬರನ್ನೇ ಅಳೆಯುತ್ತಿದ್ದಳು.

"ಸಿಂಬಿ ಇಲ್ಲದ ದೋಣಿ!" ಎಂದು ಕೂಗು ಬಂತು.

ಕೂಗಿದವಳು ಜೋರಮ್ಮ. ಸ್ವಂತ ಲಾರಿ ಇಟ್ಟುಕೊಂಡ ಸಗಟು ವ್ಯಾಪಾರದವಳು. ಯಾವ ದೋಣಿಗೆ ಸಿಂಬಿ ಬೀಳಲಿಲ್ಲವೋ ಅದರ ಮೀನು ಮೊದಲು ಬೆಲೆ ಕೂಗಿದವರಿಗೆ ಎಂಬ ಆ ಕಟ್ಟಳೆಯ ಬಾಲವೂ ಅವಳಿಗೆ ಬಾಯಿಪಾಠ. ಅಳಿಯನಿಗೆ ಒಂದು ಬೆಲೆ ಹೇಳಿದಳು. ಯಾರನ್ನು ಕೇಳಬೇಕೆಂದು ತಿಳಿಯದೆ ಅವನು ತಲೆಯಾಡಿಸಿದ. ಅವಳ ಕಡೆಯ ಆಳುಗಳು ನೀರಿಗಿಳಿದರು. ಹೆಂಗಸರು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮೀನು ಲಾರಿಯಲ್ಲಿತ್ತು, ಜೋರಮ್ಮ ಕೊಟ್ಟ ಅಗ್ಗದ ದುಡ್ಡು ಅಳಿಯನ ಅಂಗೈಯಲ್ಲಿತ್ತು, ಅವರ ಬುಟ್ಟಿಗಳು ತೊಳೆದಂತೆಯೇ ಇದ್ದವು.

"ನೀನು ಯಾಕೆ ಇಡಲಿಲ್ಲ?"

"ನೀನು ಇಡಬೇಕಿತ್ತು, ನಿನಗೆ ಗಂಡ ಇಲ್ಲ!"

"ಗಂಡ ಇಲ್ಲ ಅಂತ ಊರಿನ ಮುದುಕರಿಗೆಲ್ಲ ನಾನೇ ಸಿಂಬಿ ಇಡಬೇಕೇನೆ?"

"ನಮ್ಮದೇ ದೋಣಿ ಮುಂದೆ ಭಿಕ್ಷೆಗೆ ನಿಂತ ಹಾಗೆ ನಿಂತಿದ್ವಲ್ರೇ," ಎಂದು ನಗುವಕ್ಕ ಅಂದಳು. ಅವತ್ತು ಅವಳೂ ನಗಲಿಲ್ಲ.

ಗುಬ್ಬಿ ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದಳು. ಸಂಜೆ ದೊಡ್ಡಮ್ಮ ಮಾತ್ರೆ ಕೈಗೆತ್ತಿಕೊಂಡಾಗ ಗುಬ್ಬಿ ತನ್ನ ತಟ್ಟೆಯ ಅನ್ನವನ್ನು ಅವಳ ಮುಂದೆ ಸರಿಸಿ, "ಬರೀ ಹೊಟ್ಟೆಗೆ ಬೇಡ," ಎಂದಳು. ಆಮೇಲೆ, "ನಾಳೆ ಇಡ್ತೀನಿ. ಮಾತು ಮಾತೇ."

ದೊಡ್ಡಮ್ಮ ಅವಳ ತಲೆ ಸವರಿದಳು. ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಏನು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಮೀನು ಕೇಳಿದ್ದಳು, ಕೊಟ್ಟಿದ್ದ. ದೋಣಿ ಕೇಳಿದ್ದಳು, ಕೊಟ್ಟಿದ್ದ. ಕೊಟ್ಟಿದ್ದನ್ನು ತೆಗೆದುಕೊಳ್ಳಲು ಬಾರದ ಕೈಗೆ ಅವನು ತಾನೇ ಏನು ಮಾಡಿಯಾನು?

ಬೆಳಗಾಗುತ್ತಲೇ ಬಾವಿಗೆ ಹೋದಳು. ಕೊಡ ಇಳಿಸಿ, ತುಂಬಿದ್ದು ತಿಳಿದು, ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಎಳೆದುಕೊಳ್ಳುತ್ತಿದ್ದಳು. ಬುದ್ಧಿ ಬಂದಾಗಿನಿಂದ ಮಾಡಿದ ಕೆಲಸ. ಕೊಡ ಕಟ್ಟೆಗೆ ಬಂತು. ಅವಳು ಕೊಡ ಎತ್ತಿಕೊಳ್ಳಲಿಲ್ಲ. ಕೈಯಲ್ಲಿದ್ದ ಒದ್ದೆ ಹಗ್ಗವನ್ನೇ ನೋಡುತ್ತ ನಿಂತಳು. ಹಿಂದಿನ ದಿನ ತಲೆಯ ಮೇಲಿಂದ ಹಾರಿಹೋದ ಹಗ್ಗ ನೆನಪಾಯಿತು. ತಾನೂ ತಲೆ ತಗ್ಗಿಸಿದ್ದೆನಲ್ಲ!

ಕೊಡವನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ದಡದ ಕಡೆ ಓಡಿದಳು. ಹಿಂದಿನಿಂದ ಯಾರೋ, "ದೊಡ್ಡಮ್ಮಾ, ಕೊಡ!" ಎಂದು ಕೂಗಿದರು. "ಇರಲಿ, ಅದಕ್ಕೆ ಕಾಲಿಲ್ಲ!" ಎಂದಳು.

ಅವಳು ಬರುವಷ್ಟರಲ್ಲಿ ಮೀಸೆಯ ದೋಣಿ ಬಂದು ಕಟ್ಟಿಯಾಗಿತ್ತು. ಅವನು ಮೂತಿಯ ಪಕ್ಕ ನಿಂತು, ಒದ್ದೆ ಅಂಗೈಯಿಂದ ಅಲ್ಲಿನ ಮರಳನ್ನು ಒರೆಸುತ್ತಿದ್ದ. ಮನೆಗೆ ನೆಂಟರು ಬರುವಾಗ ಜಗಲಿ ಒರೆಸುವ ಹಾಗೆ. ಗುಬ್ಬಿ ಮೊಣಕಾಲುದ್ದ ನೀರಿನಲ್ಲಿ ಅವನೆದುರು ನಿಂತಿದ್ದಳು. ಕೈಯಲ್ಲಿ ಕೆಂಪು ದಾರದ ಸಿಂಬಿ. ದೊಡ್ಡಮ್ಮ ಅವಳನ್ನು ಕೂಗಲಿಲ್ಲ. ತಡೆಯುವುದಿಲ್ಲ ಎಂದು ಒಪ್ಪಿದವಳು ಹೇಗೆ ಕೂಗಿಯಾಳು? ಆಚೆ ನೋಡಿದಳು. ಸಂಘದ ದೋಣಿ ಬರುತ್ತಿತ್ತು. ಹೆಂಗಸರು ಇವತ್ತೂ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು, ಇವತ್ತೂ ಒಬ್ಬಳು ಇನ್ನೊಬ್ಬಳನ್ನು ತಿವಿಯುತ್ತಿದ್ದಳು. ಐಸ್ ಗೋದಾಮಿನವನು ಹಗ್ಗಕ್ಕಾಗಿ ಕೈ ಚಾಚಿ ಸಿದ್ಧನಾಗಿದ್ದ.

ದೊಡ್ಡಮ್ಮ ಸಾಲನ್ನು ದಾಟಿ ನೀರಿಗಿಳಿದಳು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು.

"ಹಗ್ಗ ಎಸಿ!" ಎಂದು ಕೂಗಿದಳು.

ಅಳಿಯ ಕಣ್ಣು ಕಿರಿದು ಮಾಡಿ ನೋಡಿದ. "ಯಾರಿಗೆ?"

"ನನಗೆ ಕಣಯ್ಯ!"

"ಹೆಂಗಸರಿಗೆ ಹಗ್ಗ ಎಸೆಯೋದಾ?"

"ದೋಣಿ ಯಾರದು?"

ಅಳಿಯ ಎಸೆದ. ಹಗ್ಗ ಅವಳ ಭುಜಕ್ಕೆ ಬಡಿದು ನೀರಿಗೆ ಬಿತ್ತು. ತಡಕಾಡಿ ಹಿಡಿದಳು. ಆದರೆ ಬಾವಿಯ ಕೊಡವೇ ಬೇರೆ, ಮೀನು ತುಂಬಿದ ದೋಣಿಯೇ ಬೇರೆ. ಅಲೆ ಹಿಂದೆ ಸರಿದಾಗ ದೋಣಿಯೂ ಹಿಂದೆ ಸರಿಯಿತು, ಹಗ್ಗ ಅವಳ ಅಂಗೈ ಸುಡುತ್ತ ಜಾರಿತು, ಕಾಲು ಮರಳಿನಲ್ಲಿ ಗೀಟು ಎಳೆಯಿತು. ಐಸ್ ಗೋದಾಮಿನವನು ಪಾಪ, ಸಹಾಯಕ್ಕೆಂದು ಓಡಿ ಬಂದ.

"ಮುಟ್ಟಬೇಡಪ್ಪ," ಎಂದಳು ದೊಡ್ಡಮ್ಮ ಹಲ್ಲು ಕಚ್ಚಿ. "ನಿನ್ನ ದಮ್ಮಯ್ಯ, ಇವತ್ತೊಂದು ದಿನ ಮುಟ್ಟಬೇಡ."

ಅವನು ಕೈ ಹಿಂದಕ್ಕೆಳೆದುಕೊಂಡ. ಹೆಂಗಸರು ಬಾಯಿ ತೆರೆದು ನಿಂತಿದ್ದರು.

ಗುಬ್ಬಿಯ ಕೈ ಮೀಸೆಯ ದೋಣಿಯ ಮೂತಿಯ ಹತ್ತಿರವಿತ್ತು. ಇಟ್ಟರೆ ಇಟ್ಟಂತೆ. ಅವಳು ತಿರುಗಿ ನೋಡಿದಳು. ಅನ್ನ ಸರಿಸಿದ ಕೈ, ಮಾತ್ರೆ ಹಿಡಿಯುವ ಕೈ, ಈಗ ಒಂದು ದೋಣಿಯನ್ನು ಹಿಡಿದುಕೊಂಡು ಸೋಲುತ್ತಿತ್ತು. ಹಗ್ಗದ ತುದಿಯ ಗಂಟು ಆ ಕೈಯಿಂದ ಇನ್ನು ಮೊಳ ದೂರ.

"ಒಂದು ನಿಮಿಷ," ಎಂದಳು ಮೀಸೆಗೆ. ಸಿಂಬಿಯನ್ನು ಬಾಯಿಗಿಟ್ಟು ಕೆಂಪು ದಾರವನ್ನು ಹಲ್ಲಿನಿಂದ ಕಿತ್ತಳು. ಮಧ್ಯಾಹ್ನವೆಲ್ಲ ಕೂತು ಹಾಕಿದ ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ನೀರು ಚಿಮ್ಮಿಸುತ್ತ ಓಡಿ ಬಂದವಳೇ ಬಟ್ಟೆಯನ್ನು ಎರಡೂ ಅಂಗೈಗೆ ಸುತ್ತಿಕೊಂಡು ದೊಡ್ಡಮ್ಮನ ಹಿಂದೆ ಹಗ್ಗ ಹಿಡಿದಳು.

"ಕೈ ಸುತ್ತಿಕೊಳ್ಳದೆ ಹಿಡಿದಿದ್ದೀಯಲ್ಲ, ಬುದ್ಧಿ ಇಲ್ವಾ ನಿನಗೆ!" ಎಂದು ಬೈದಳು. ಅಳುತ್ತಿದ್ದಳೋ, ಮುಖಕ್ಕೆ ಸಿಡಿದ ನೀರೋ.

"ಬೈಯೋದು ಆಮೇಲೆ. ಎಳಿ!"

ನಗುವಕ್ಕ ಬುಟ್ಟಿ ಎಸೆದು ನೀರಿಗೆ ಹಾರಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ದೋಣಿ ಬಂತು, ತೊಟ್ಟಿಲು ತೂಗಿದಂತೆ ತೂಗಾಡುತ್ತ. ಗೂಟದವರೆಗೆ ಎಳೆದು ತಂದ ಮೇಲೆ ಗೊತ್ತಾಯಿತು, ಗಂಟು ಹಾಕಲು ಯಾರಿಗೂ ಬಾರದು! ನಗುವಕ್ಕ ಹಗ್ಗವನ್ನು ಗೂಟಕ್ಕೆ ಜಡೆ ಹೆಣೆದಂತೆ ಸುತ್ತುತ್ತಾ ಹೋದಳು.

"ಅಯ್ಯೋ, ಇದನ್ನ ಬಿಚ್ಚೋಕೆ ನಾನು ಇನ್ನೊಂದು ಜನ್ಮ ಎತ್ತಬೇಕು," ಎಂದ ಅಳಿಯ.

ಆಗ ಅವನ ಹೆಂಡತಿ ಸೊಂಟದ ಮೇಲಿನ ಕೈ ತೆಗೆದು ಮುಂದೆ ಬಂದಳು. "ಸರೀರಿ ಆಚೆ. ಇಷ್ಟು ವರ್ಷ ಇವರು ಕಟ್ಟೋದನ್ನ ನೋಡ್ತಾ ಕೂತಿದ್ದೀನಿ, ಇಷ್ಟೂ ಬರಲ್ವಾ?" ಎರಡು ಸುತ್ತು, ಒಂದು ಕುಣಿಕೆ, ಕಟ್ಟಿ, ಎಳೆದು ನೋಡಿ, ಕೈ ಕೊಡವಿದಳು. "ಸಿಂಬಿ ಗಿಂಬಿ ಅಂದ್ರೆ ನಾನು ಸುಮ್ಮನಿರಲ್ಲ. ಹಗ್ಗಕ್ಕೆ ಬೇಕಾದ್ರೆ ಕರೀರಿ, ಬರ್ತೀನಿ."

"ಸಿಂಬಿ ಇಲ್ಲದ ದೋಣಿ!" ಎಂದು ಮರಳಿನಿಂದ ಜೋರಮ್ಮ ಕೂಗಿದಳು. ದಾರಿ ನಿನ್ನೆಯದೇ ಎಂದುಕೊಂಡಿದ್ದಳು.

ದೊಡ್ಡಮ್ಮ ಸುಟ್ಟ ಅಂಗೈಗಳನ್ನು ನೀರಿನಲ್ಲಿ ಅದ್ದಿ ಎದ್ದು ನಿಂತಳು. "ಹೌದು ತಾಯಿ, ಸಿಂಬಿ ಇಲ್ಲ. ಒಡತಿಯರು ಇದ್ದೀವಿ. ನಮ್ಮ ಬುಟ್ಟಿ ತುಂಬಿದ ಮೇಲೆ ಉಳಿದದ್ದು ಬೇಕಾದ್ರೆ ಬೆಲೆ ನಮ್ಮ ಹತ್ತಿರ ಮಾತಾಡಿ."

ಜೋರಮ್ಮ ಗೂಟ ನೋಡಿದಳು, ಹಗ್ಗ ನೋಡಿದಳು, ಒದ್ದೆ ಹೆಂಗಸರ ಸಾಲು ನೋಡಿದಳು. ಕಟ್ಟಳೆ ಬಲ್ಲವಳು. ವ್ಯಾಪಾರದ ದನಿ ತಗ್ಗಿಸಿ, "ಎಷ್ಟು ಹೇಳ್ತೀರಾ?" ಎಂದಳು.

ಒಂದು ಬೆಳಿಗ್ಗೆಗೆ ದಡ ಬದಲಾಯಿತೆಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. ಅವತ್ತೂ ಉಳಿದ ದೋಣಿಗಳ ಮೂತಿಯ ಮೇಲೆ ಸಿಂಬಿಗಳಿದ್ದವು, ಬಹಳ ಕಾಲ ಇದ್ದವು. ಆದರೆ ಬುಟ್ಟಿ ತುಂಬಿಕೊಂಡು ಹೋಗುವಾಗ ನಗುವಕ್ಕ ಅಂದು ಒಂದು ದೋಣಿಯ ಮೂತಿಯಿಂದ ತನ್ನ ಹಳೆಯ ಸಿಂಬಿಯನ್ನು ತಾನೇ ಎತ್ತಿಕೊಂಡು ಬಂದಳು. ನರ್ಸಮ್ಮ ಮುಂದಿನ ಸಲ ಗೋದಾಮಿನ ನೆರಳಿನಲ್ಲಿ ಪೊಟ್ಟಣ ಹಂಚಿದಾಗ ನಗುವಕ್ಕನ ತಮಾಷೆ ಬೇರೆಯದಾಗಿತ್ತು: "ಎದ್ದು ಹೋಗೋನು ಹೋಗಲಿ, ಮಕ್ಕಳಿಗೆ ಬಡಿಸೋಕೆ ಮೀನಿದೆ."

ಮೀಸೆ ಇನ್ನೂ ತನ್ನ ದೋಣಿಯ ಪಕ್ಕದಲ್ಲೇ ನಿಂತಿದ್ದ. ಗುಬ್ಬಿ ತುಂಬಿದ ಬುಟ್ಟಿಯ ಬಳಿ ಬಗ್ಗಿ, ಅಂಗೈಯ ಬಟ್ಟೆ ಬಿಚ್ಚಿ ಹಿಂಡಿದಳು.

"ಒಂದು ನಿಮಿಷ ಅಂದಿದ್ದೆ," ಎಂದ ಅವನು.

ಗುಬ್ಬಿ ತಲೆಯೆತ್ತಿದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ನಿಮ್ಮ ಮೀನೂ ಬೇಕು. ಸಂತೇಲಿ ದೊಡ್ಡ ಮೀನು ಕೇಳ್ತಾರೆ. ಬೆಲೆ ಹೇಳಿ ಅಣ್ಣ, ಕೊಂಡ್ಕೊಳ್ತೀನಿ."

ಅಣ್ಣ ಎಂಬ ಮಾತು ಕೇಳಿ ಅಕ್ಕಪಕ್ಕದ ದೋಣಿಯವರು ಹೋ ಎಂದರು. ಮೀಸೆ ಮೀಸೆಯ ತುದಿ ತಿರುವಿ, ನಗಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ನಕ್ಕ. ದೊಡ್ಡಮ್ಮ ಅವನ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದಳು: "ಮಗ, ಆ ಹುಡುಗಿ ಕೆಮ್ಮಿ ಕೆಮ್ಮಿ ತವರಿಗೆ ಹೋದಳಲ್ಲ. ನೀನೂ ಒಂದು ಸಲ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬಾ. ನಾನು ಜೊತೆಗೆ ಬರ್ತೀನಿ. ಹೆದರೋದು ಏನಿಲ್ಲ, ನನ್ನನ್ನ ನೋಡು."

ಅವನ ನಗು ಇಳಿಯಿತು. ದೋಣಿಯ ಮೂತಿಯನ್ನು ಇನ್ನೊಮ್ಮೆ ಒರೆಸಿದ. ನೀರಿನ ಕಡೆ ನೋಡುತ್ತ, "ಯಾವ ಹೊತ್ತಿಗೆ ತೆಗೀತಾರೆ ಆ ಕೇಂದ್ರ?" ಎಂದು ಕೇಳಿದ.

ಗುಬ್ಬಿ ಹಿಂಡಿದ ಬಟ್ಟೆಯನ್ನು ಮತ್ತೆ ಸುರುಳಿ ಸುತ್ತಿ ನೆತ್ತಿಯ ಮೇಲೆ ಇಟ್ಟುಕೊಂಡಳು. ದಾರವಿಲ್ಲದ ಸಿಂಬಿ, ಸಂತೆಯಲ್ಲಿ ಬಿಚ್ಚಿದರೆ ಮತ್ತೆ ಬರೀ ಬಟ್ಟೆ. ದೊಡ್ಡಮ್ಮ ಬಂದು ಬುಟ್ಟಿಯ ಒಂದು ಅಂಚು ಹಿಡಿದಳು, ಗುಬ್ಬಿ ಇನ್ನೊಂದು. ಎತ್ತಿ ತಲೆಗೇರಿಸಿದರು. ಸಿಂಬಿಯ ನೀರು ಹಣೆಯ ಮೇಲಿಂದ ಇಳಿದು ಕಣ್ಣಿಗೆ ಬಂತು; ಎರಡೂ ಕೈ ಬುಟ್ಟಿಗಿದ್ದುದರಿಂದ ಅವಳು ಅದನ್ನು ಒರೆಸಿಕೊಳ್ಳದೆ ಹಾಗೇ ಸಂತೆಯ ದಾರಿ ಹಿಡಿದಳು.

ದೊಡ್ಡಮ್ಮನಿಗೆ ಆಗ ಬಾವಿಕಟ್ಟೆಯ ಮೇಲೆ ಬಿಟ್ಟು ಬಂದ ಕೊಡ ನೆನಪಾಯಿತು.